ಎನ್‌ಬಿಎ ಬ್ಲಾಕ್ ಪಟ್ಟಿ: ಹಕೀಮ್ 3,830, ಆದರೆ ಕರೀಂ ಅವರ ಎಣಿಸದ 321 ಪಂದ್ಯಗಳು?

ಅಂಕಿಗಣಿತ

ಎನ್‌ಬಿಎ ಅಂದರೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್. ಬ್ಲಾಕ್ ಅಂದರೆ ಎದುರಾಳಿ ಹೊಡೆದ ಶಾಟ್ ಅನ್ನು ಕೈಯಿಂದ ತಡೆಯುವುದು. ರೆಗ್ಯುಲರ್ ಸೀಸನ್‌ನ (ಅದರ ನಂತರದ ಪ್ಲೇಆಫ್ ಘಟ್ಟ ಬಿಟ್ಟು) ಒಟ್ಟು ಬ್ಲಾಕ್‌ಗಳಲ್ಲಿ ಮೇಲಿನ ಎಂಟು ಮಂದಿ:

ಹಕೀಮ್ ಒಲಾಜುವಾನ್ – 3,830
ಡಿಕೆಂಬೆ ಮುಟೊಂಬೊ – 3,289
ಕರೀಂ ಅಬ್ದುಲ್-ಜಬ್ಬಾರ್ – 3,189
ಮಾರ್ಕ್ ಈಟನ್ – 3,064
ಟಿಮ್ ಡಂಕನ್ – 3,020
ಡೇವಿಡ್ ರಾಬಿನ್ಸನ್ – 2,954
ಪ್ಯಾಟ್ರಿಕ್ ಯೂಯಿಂಗ್ – 2,894
ಶಕೀಲ್ ಓನೀಲ್ – 2,732

ಎನ್‌ಬಿಎ ಬ್ಲಾಕ್‌ಗಳನ್ನು ಅಧಿಕೃತವಾಗಿ ಎಣಿಸಲು ಶುರುಮಾಡಿದ್ದು 1973-74ರ ಸೀಸನ್‌ನಿಂದ. ಬಿಲ್ ರಸೆಲ್ 1969ರಲ್ಲೇ ನಿವೃತ್ತರಾಗಿದ್ದರು. ವಿಲ್ಟ್ ಚೇಂಬರ್ಲಿನ್ ಕೊನೆಯ ಎನ್‌ಬಿಎ ಪಂದ್ಯ ಆಡಿದ್ದು 1973ರಲ್ಲಿ. ಹಾಗಾಗಿ ಇವರಿಬ್ಬರ ಲೆಕ್ಕವೇ ಇಲ್ಲ.

ಕರೀಂ ಅವರದ್ದು ಅರ್ಧ ಲೆಕ್ಕ ಸಿಕ್ಕ ಪ್ರಕರಣ. 1969-70ರಿಂದ 1972-73ರವರೆಗಿನ ನಾಲ್ಕು ಸೀಸನ್‌ಗಳಲ್ಲಿ ಅವರು ಕ್ರಮವಾಗಿ 82, 82, 81, 76 ಪಂದ್ಯ ಆಡಿದ್ದಾರೆ, ಒಟ್ಟು 321. ವೃತ್ತಿಜೀವನದ 1,560ರಲ್ಲಿ ಇದನ್ನು ಕಳೆದರೆ ಬ್ಲಾಕ್ ಎಣಿಸಿದ ಪಂದ್ಯಗಳು 1,239. ಹಕೀಮ್ ಆಡಿದ್ದು 1,238. ಅಂದರೆ ಎಣಿಕೆಯಾದ ಪಂದ್ಯಗಳಲ್ಲಿ ಇಬ್ಬರಿಗೂ ಇರುವುದು ಒಂದೇ ಪಂದ್ಯದ ವ್ಯತ್ಯಾಸ, ಅಷ್ಟರಲ್ಲಿ ಹಕೀಮ್ 641 ಬ್ಲಾಕ್ ಮುಂದಿದ್ದಾರೆ. ಎಣಿಸದ ಆ 321 ಪಂದ್ಯಗಳಲ್ಲಿ ಕರೀಂ ಪಂದ್ಯಕ್ಕೆ ಸರಾಸರಿ 2 ಬ್ಲಾಕ್ ಮಾಡಿದ್ದರೆ 642 ಆಗುತ್ತದೆ. ಒಂದೇ ಒಂದು ಬ್ಲಾಕ್‌ನಿಂದ ಅವರು ಮೇಲೆ ಹೋಗುತ್ತಾರೆ.

ಆ ಸರಾಸರಿ 2 ಇದ್ದಿರಬಹುದೇ? ನಿಮ್ಮ ಅಭಿಪ್ರಾಯ ಹೇಳಿ, ಆಧಾರ ಕೊಟ್ಟು ಹೇಳಿ.

ಹಳೇಮೈದಾನ

ಎರಡೇನು ಸರ್, ಮೂರರ ಮೇಲೆ ಇದ್ದಿರಬೇಕು. ಎಣಿಕೆ ಶುರುವಾದ ಮೊದಲ ಸೀಸನ್ 1973-74ರಲ್ಲೇ ಕರೀಂ 81 ಪಂದ್ಯಕ್ಕೆ 283 ಬ್ಲಾಕ್ ಮಾಡಿದ್ದಾರೆ, ಸರಾಸರಿ 3.5. ಅದಾದ ಎರಡು ವರ್ಷಕ್ಕೆ, 1975-76ರಲ್ಲಿ, 82 ಪಂದ್ಯಕ್ಕೆ 338. ಲೀಗ್‌ನಲ್ಲಿ ಮೊದಲ ಸ್ಥಾನ ಪಡೆದದ್ದು ನಾಲ್ಕು ಸಲ: 1975, 1976, 1979, 1980. ಕೊನೆಯ ಸಲ ಮೊದಲಿಗರಾದಾಗ ವಯಸ್ಸು ಮೂವತ್ತು ದಾಟಿತ್ತು.

ಎಣಿಸದೆ ಹೋದದ್ದು ಅವರ 22ರಿಂದ 26ರ ವಯಸ್ಸಿನ ಆಟ. ಜಿಗಿತ, ಓಟ ಎರಡೂ ಏರುಮುಖದಲ್ಲಿರುವ ಕಾಲ. ಎಣಿಸಿದ್ದರಲ್ಲಿ ಮಾತ್ರ 40ನೇ ವಯಸ್ಸಿನ ಆಟವೂ ಸೇರಿಕೊಂಡಿದೆ. ಕೊನೆಯ ಮೂರು ಸೀಸನ್‌ಗಳಲ್ಲಿ ಅವರ ಸರಾಸರಿ ಪಂದ್ಯಕ್ಕೆ ಒಂದರ ಆಸುಪಾಸಿಗೆ ಇಳಿದಿತ್ತು. ಪಂದ್ಯಕ್ಕೆ 3ರಂತೆ ಹಿಡಿದರೂ 963 ಸೇರಿ 4,152 ಆಗುತ್ತೆ. ನನ್ನ ಮಟ್ಟಿಗೆ ಪಟ್ಟಿಯ ತುದಿಯಲ್ಲಿರಬೇಕಾದವರು ಕರೀಂ.

ಬಯಲುಕೋರ್ಟ್

ಹಂಗಂತ ಹಕೀಮ್‌ನ ಕೆಳಗ ಇಳಸಾಕ ಬರೂದಿಲ್ರೀ. ಕರೀಂ ಲೆಕ್ಕ ನೀವು ಹೇಳಿದ್ದು ಖರೆ ಇರಬಹುದು, ಆದ್ರ ಹಕೀಮ್ ಬರೇ ರಿಂಗ್ ಕೆಳಗ ನಿಂತ ಆಡಿದಾಂವ ಅಲ್ಲ. 3,830 ಬ್ಲಾಕ್ ಜೋಡಿ 2,162 ಸ್ಟೀಲ್ (ಎದುರಾಳಿ ಕೈಯಾಗಿನ ಚೆಂಡು ಕಸಗೊಳ್ಳೂದು) ಅದಾವ. 1988-89ರಾಗ ಒಂದ ಸೀಸನ್‌ನಾಗ 282 ಬ್ಲಾಕ್, 213 ಸ್ಟೀಲ್. ಎರಡೂ 200 ದಾಟಿಸಿದ ಆಟಗಾರ ಅವನೊಬ್ಬನ. ಮುಂದಿನ ಸೀಸನ್‌ನಾಗ 82 ಪಂದ್ಯಕ್ಕ 376 ಬ್ಲಾಕ್.

1994ರ ಫೈನಲ್ಸ್ ಆರನೇ ಪಂದ್ಯದ ಕೊನೀ ಸೆಕೆಂಡ್ ನೋಡ್ರಿ. ಹಕೀಮ್‌ನ ಹ್ಯೂಸ್ಟನ್ 86, ನ್ಯೂಯಾರ್ಕ್ 84. ನ್ಯೂಯಾರ್ಕ್‌ನ ಜಾನ್ ಸ್ಟಾರ್ಕ್ಸ್ ಮೂರರ ಗೆರಿ ಹೊರಗಿಂದ (ಅಲ್ಲಿಂದ ಬಿದ್ರ ಮೂರು ಅಂಕ) ಶಾಟ್ ಎತ್ತಿದಾಗ ಚೆಂಡಿಗೆ ಬೆರಳ ತಾಗಿಸಿದ್ದು ಹಕೀಮ್. ಅದು ಬಿದ್ದಿದ್ರ ನ್ಯೂಯಾರ್ಕ್ ಗೆದ್ದು ಸೀರೀಸ್ ಅಲ್ಲೇ ಮುಗೀತಿತ್ತು. ಸೆಂಟರ್ (ರಿಂಗ್ ಹತ್ರ ನಿಲ್ಲೋ ಎತ್ತರದಾಂವ) ಆಡೋ ಮನಶಾ ಅಷ್ಟು ದೂರ ಹೋಗಿ ಗಾರ್ಡ್ (ಹೊರಗ ಚೆಂಡು ಆಡಸೋ ಚುರುಕಿನಾಂವ) ಹೊಡದ ಶಾಟ್ ಮುಟ್ಟೂದು ಅಂದ್ರ ಅದು ಬ್ಯಾರೇ ಕಸುಬು.

ಅಂಕಿಗಣಿತ

ಇಬ್ಬರದ್ದೂ ಒಪ್ಪತಕ್ಕ ಮಾತು. ಆದರೆ ಒಟ್ಟು ಸಂಖ್ಯೆಯೊಂದನ್ನೇ ಹಿಡಿದರೆ ಈಟನ್‌ಗೆ ಅನ್ಯಾಯ ಆಗುತ್ತದೆ. ಅವರು ಆಡಿದ್ದು 875 ಪಂದ್ಯ ಮಾತ್ರ. ಪಂದ್ಯದ ಸರಾಸರಿ 3.50, ಎಣಿಕೆ ಶುರುವಾದ ಮೇಲೆ ದೀರ್ಘಕಾಲ ಆಡಿದವರಲ್ಲಿ ಇದಕ್ಕಿಂತ ಹೆಚ್ಚಿನದ್ದಿಲ್ಲ. ನಂತರ ಮನೂಟ್ ಬೋಲ್ 3.34 (624 ಪಂದ್ಯಕ್ಕೆ 2,086), ಹಕೀಮ್ 3.09, ರಾಬಿನ್ಸನ್ 2.99. ಡಂಕನ್ ಒಟ್ಟು ಪಟ್ಟಿಯಲ್ಲಿ ಐದನೆಯವರು, ಆದರೆ 1,392 ಪಂದ್ಯ ಆಡಿದ್ದರಿಂದ ಸರಾಸರಿ 2.17ಕ್ಕೆ ನಿಲ್ಲುತ್ತದೆ.

ಒಂದು ಸೀಸನ್‌ನ ದಾಖಲೆಯೂ ಈಟನ್‌ರದ್ದೇ: 1984-85ರಲ್ಲಿ ಯೂಟಾ ಜಾಝ್ ಪರ 82 ಪಂದ್ಯಕ್ಕೆ 456, ಸರಾಸರಿ 5.56. ಎರಡನೆಯದು ಬೋಲ್ ತಮ್ಮ ಮೊದಲ ಸೀಸನ್ 1985-86ರಲ್ಲಿ ಮಾಡಿದ 397. ಮೂರನೆಯದು 1973-74ರಲ್ಲಿ ಎಲ್ಮೋರ್ ಸ್ಮಿತ್ ಮಾಡಿದ 393. ಒಂದೇ ಪಂದ್ಯದ ದಾಖಲೆ ಈಗಲೂ ಸ್ಮಿತ್ ಹೆಸರಲ್ಲಿದೆ: 1973ರ ಅಕ್ಟೋಬರ್ 28ರಂದು ಪೋರ್ಟ್‌ಲ್ಯಾಂಡ್ ವಿರುದ್ಧ ಲೇಕರ್ಸ್ ಪರ 17. ಬೋಲ್ ಎರಡು ಸಲ, ಶಕೀಲ್ 1993ರಲ್ಲಿ ಒಂದು ಸಲ 15ರವರೆಗೆ ಬಂದರು.

ಪೇಂಟ್_ಕಾವಲು

ಪಂದ್ಯದ ಸರಾಸರಿಯಿಂದಲೂ ಕಾಲ-ಕಾಲದ ಹೋಲಿಕೆ ಸಾಧ್ಯವಿಲ್ಲ. ಬ್ಲಾಕ್ ಆಗುವುದು ಹೆಚ್ಚಾಗಿ ಎರಡು ಅಂಕದ ಶಾಟ್‌ಗಳ ಮೇಲೆ. 1984-85ರಲ್ಲಿ ಒಂದು ತಂಡ ಪಂದ್ಯಕ್ಕೆ ಸುಮಾರು 86 ಎರಡರ ಶಾಟ್ ಹೊಡೆಯುತ್ತಿತ್ತು, ಮೂರರದ್ದು ಸುಮಾರು 3 ಮಾತ್ರ. 2023-24ಕ್ಕೆ ಬಂದರೆ ಎರಡರದ್ದು ಸುಮಾರು 54, ಮೂರರದ್ದು 35. ಬ್ಲಾಕ್ ಮಾಡಲು ಸಿಗುವ ಅವಕಾಶವೇ ಮೂರರಲ್ಲೊಂದು ಪಾಲು ಕರಗಿಹೋಗಿದೆ.

ಅದಕ್ಕೇ ಬ್ಲಾಕ್ ಶೇಕಡಾವಾರು ನೋಡಬೇಕು. ಲೆಕ್ಕ ಸುಲಭ: ಆಟಗಾರನ ಬ್ಲಾಕ್ ಸಂಖ್ಯೆಯನ್ನು 48ರಿಂದ ಗುಣಿಸಿ, ಅವನು ಆಡಿದ ನಿಮಿಷ ಮತ್ತು ಎದುರಾಳಿಯ ಎರಡರ ಶಾಟ್‌ಗಳ ಗುಣಲಬ್ಧದಿಂದ ಭಾಗಿಸಿ, ನೂರರಿಂದ ಗುಣಿಸಿ. ಅವನು ಕೋರ್ಟ್‌ನಲ್ಲಿದ್ದಾಗ ಎದುರಾಳಿ ಹೊಡೆದ ಎರಡರ ಶಾಟ್‌ಗಳಲ್ಲಿ ನೂರಕ್ಕೆ ಎಷ್ಟನ್ನು ತಡೆದ ಎಂಬ ಅಂದಾಜು ಸಿಗುತ್ತದೆ.

ಈಟನ್: 5.56 ಬ್ಲಾಕ್, 34.3 ನಿಮಿಷ, 86 ಶಾಟ್. ಉತ್ತರ ಸುಮಾರು 9.
ವಿಕ್ಟರ್ ವೆಂಬನ್ಯಾಮ, 2023-24: 3.58 ಬ್ಲಾಕ್, 29.7 ನಿಮಿಷ, 54 ಶಾಟ್. ಉತ್ತರ 10ಕ್ಕಿಂತ ಸ್ವಲ್ಪ ಹೆಚ್ಚು.

ಇಲ್ಲಿ ಹಾಕಿದ್ದು ಇಡೀ ಲೀಗ್‌ನ ಸರಾಸರಿ ಶಾಟ್ ಸಂಖ್ಯೆ. ಆಯಾ ತಂಡದ ಎದುರಾಳಿಗಳ ಸಂಖ್ಯೆ ಹಾಕಿದರೆ ಎರಡೂ ಕೊಂಚ ಬದಲಾಗುತ್ತವೆ. ಆದರೂ ಪಂದ್ಯದ ಸರಾಸರಿಯಲ್ಲಿ ಎರಡು ಬ್ಲಾಕ್ ಹಿಂದಿರುವ ಹುಡುಗ ಕೆಲಸದ ಪ್ರಮಾಣದಲ್ಲಿ ಈಟನ್‌ಗೆ ಸಮನಾಗಿ ನಿಲ್ಲುತ್ತಾನೆ ಎಂಬುದು ಸ್ಪಷ್ಟ. ಮೊದಲ ಸೀಸನ್‌ನಲ್ಲಿ 71 ಪಂದ್ಯಕ್ಕೆ 254. ಮರುವರ್ಷ ಬಲಭುಜದಲ್ಲಿ ರಕ್ತ ಹೆಪ್ಪುಗಟ್ಟಿ ಸೀಸನ್ ಅರ್ಧಕ್ಕೇ ನಿಂತಿತು, ಆದರೂ 46 ಪಂದ್ಯಗಳಲ್ಲಿ 176 ಮಾಡಿ ಲೀಗ್‌ಗೆ ಮೊದಲಿಗ.

ಹಳೇಮೈದಾನ

ನಿಯಮದ ವ್ಯತ್ಯಾಸವನ್ನೂ ಸೇರಿಸಿ ಹೇಳಿ. ಈಟನ್ ಕಾಲದಲ್ಲಿ ಝೋನ್ ಡಿಫೆನ್ಸ್‌ಗೆ (ಎದುರಾಳಿಯ ಬದಲು ಜಾಗವನ್ನು ಕಾಯುವುದಕ್ಕೆ) ಅನುಮತಿ ಇರಲಿಲ್ಲ, ನಿಜ. ಆದರೆ ಎದುರಾಳಿ ಸೆಂಟರ್ ತಾನಾಗಿಯೇ ರಿಂಗ್ ಹತ್ತಿರ ನಿಲ್ಲುತ್ತಿದ್ದ, ಅವನನ್ನು ಕಾಯುವ ನೆಪದಲ್ಲಿ 7 ಅಡಿ 4 ಇಂಚಿನ ಈಟನ್ ಅಲ್ಲೇ ಇರುತ್ತಿದ್ದರು. 2001-02ರಲ್ಲಿ ಝೋನ್‌ಗೆ ಅವಕಾಶ ಕೊಟ್ಟರು, ಜೊತೆಗೇ ಡಿಫೆನ್ಸಿವ್ ಮೂರು ಸೆಕೆಂಡ್ ನಿಯಮ ತಂದರು. ಯಾರನ್ನೂ ಕೈಯಳತೆಯಲ್ಲಿ ಕಾಯದೆ ಪೇಂಟ್‌ನಲ್ಲಿ (ರಿಂಗ್ ಮುಂದಿನ ಆಯತದಲ್ಲಿ) ಮೂರು ಸೆಕೆಂಡ್‌ಗಿಂತ ಹೆಚ್ಚು ನಿಂತರೆ ಎದುರಾಳಿಗೆ ಒಂದು ಫ್ರೀ ಥ್ರೋ, ಚೆಂಡೂ ಅವರಿಗೇ. ಈಗಿನ ಬ್ಲಾಕರ್‌ಗಳು ಎರಡೂವರೆ ಸೆಕೆಂಡ್‌ಗೊಮ್ಮೆ ಒಂದು ಕಾಲು ಹೊರಗಿಟ್ಟು ಮತ್ತೆ ಒಳಬರುವುದನ್ನು ಗಮನಿಸಿ. ಅದನ್ನು ಟಿವಿಯಲ್ಲಿ ಯಾರೂ ತೋರಿಸಲ್ಲ, ಚೆಂಡಿನ ಮೇಲಿಂದ ಕಣ್ಣು ತೆಗೆದು ಸೆಂಟರ್ ಕಾಲನ್ನೇ ನೋಡಿದರೆ ಗೊತ್ತಾಗುತ್ತೆ.

ಜಿಗಿತ

ಒಂದು ಪ್ರಶ್ನೆ. ಕೈ ಚೆಂಡಿಗೂ ತಾಗುತ್ತೆ, ಶೂಟರ್ ಕೈಗೂ ತಾಗುತ್ತೆ. ಯಾವಾಗ ಬ್ಲಾಕ್, ಯಾವಾಗ ಫೌಲ್? ರಿಂಗ್ ಹಿಂದಿನ ಬೋರ್ಡ್‌ಗೆ ಬಡಿದ ಮೇಲೆ ಮುಟ್ಟಿದರೆ ಗೋಲ್‌ಟೆಂಡಿಂಗ್ (ಮುಟ್ಟಬಾರದ ಹೊತ್ತಿನಲ್ಲಿ ಶಾಟ್ ಮುಟ್ಟಿದ ತಪ್ಪು) ಅಂತಾರೆ, ಚೆಂಡು ಇನ್ನೂ ಮೇಲೇರುತ್ತಿದ್ದರೂ ಅದೇನಾ?

ಸೀಟಿ

ಹೌದು, ಮೇಲೇರುತ್ತಿದ್ದರೂ ಅದೇ. ಬಿಡಿಸಿ ಹೇಳುತ್ತೇನೆ.

ಚೆಂಡು ಶೂಟರ್ ಕೈ ಬಿಟ್ಟು ಏರುತ್ತಿರುವವರೆಗೆ ಮುಟ್ಟಬಹುದು. ತುದಿ ಮುಟ್ಟಿ ಇಳಿಯಲು ಶುರುವಾಗಿ, ರಿಂಗ್‌ಗಿಂತ ಮೇಲಿದ್ದು, ಒಳಗೆ ಬೀಳುವ ಸಾಧ್ಯತೆ ಇದ್ದರೆ ಮುಟ್ಟುವ ಹಾಗಿಲ್ಲ. ಬೋರ್ಡ್‌ಗೆ ಬಡಿದ ಚೆಂಡು ರಿಂಗ್‌ಗಿಂತ ಮೇಲಿದ್ದರೆ ಏರುತ್ತಿರಲಿ, ಇಳಿಯುತ್ತಿರಲಿ, ಮುಟ್ಟಿದರೆ ಗೋಲ್‌ಟೆಂಡಿಂಗ್. ಹಿಂದಿನಿಂದ ಓಡಿಬಂದು ಲೇಅಪ್ (ರಿಂಗ್ ಹತ್ತಿರಕ್ಕೆ ನುಗ್ಗಿ ಹಾಕುವ ಶಾಟ್) ತಡೆಯುವವರು ಸೋಲುವುದು ಇಲ್ಲೇ. ಅರ್ಧ ಅಡಿ ತಡವಾದರೂ ಚೆಂಡು ಬೋರ್ಡ್ ಸೇರಿರುತ್ತದೆ, ಎರಡು ಅಂಕ ಎದುರಾಳಿಗೆ. 2016ರ ಫೈನಲ್ಸ್ ಏಳನೇ ಪಂದ್ಯದಲ್ಲಿ 89-89 ಇದ್ದಾಗ ಲೆಬ್ರಾನ್ ಜೇಮ್ಸ್ ಆಂಡ್ರೆ ಇಗ್ವೊಡಾಲ ಅವರ ಲೇಅಪ್ ತಡೆದದ್ದನ್ನು ನಿಧಾನಗತಿಯಲ್ಲಿ ನೋಡಿ. ಚೆಂಡು ಕೈಬಿಟ್ಟು ಬೋರ್ಡ್ ಸೇರುವ ನಡುವಿನ ಆ ಗಳಿಗೆಯಲ್ಲೇ ಕೈ ಬಂದಿದೆ.

ಕೈಗೆ ಕೈ ತಾಗುವ ವಿಷಯ: ಚೆಂಡನ್ನು ಹಿಡಿದಿರುವ ಕೈಯನ್ನು ಎನ್‌ಬಿಎ ನಿಯಮ ಚೆಂಡಿನ ಭಾಗವೆಂದೇ ಪರಿಗಣಿಸುತ್ತದೆ. ಚೆಂಡಿನ ಮೇಲಿರುವ ಬೆರಳು, ಹಸ್ತ ತಾಗಿದರೆ ಫೌಲ್ ಅಲ್ಲ. ಮಣಿಕಟ್ಟು, ಮುಂಗೈ, ಮೊಣಕೈ ತಾಗಿದರೆ ಫೌಲ್.

ಲೆಕ್ಕ ಬರೆಯುವವರಿಗೂ ಒಂದು ಮಾತು. ಮುಟ್ಟಿದ ಮೇಲೂ ಚೆಂಡು ಒಳಗೆ ಬಿದ್ದರೆ ಬ್ಲಾಕ್ ಇಲ್ಲ. ಫೌಲ್ ಕೊಟ್ಟರೆ ಬ್ಲಾಕ್ ಇಲ್ಲ. ಶಾಟ್ ಎತ್ತುವ ಮೊದಲೇ ಕೈಯಿಂದ ಕಿತ್ತುಕೊಂಡರೆ ಅದು ಸ್ಟೀಲ್. ಬ್ಲಾಕ್ ಬರೆದರೆ ಶೂಟರ್ ಹೆಸರಿಗೆ ಒಂದು ವಿಫಲ ಶಾಟ್ ಕೂಡ ಬರೆಯಲೇಬೇಕು.

ಜಿಗಿತ

ಧನ್ಯವಾದ ಸರ್. ಹಾಗಾದರೆ ಎತ್ತರ ಕಡಿಮೆ ಇರುವವರು ಫೌಲ್ ಆಗದ ಹಾಗೆ ಬ್ಲಾಕ್ ಕಲಿಯುವುದು ಹೇಗೆ? ಕೋಚ್ ಮೇಷ್ಟ್ರು ಯಾರಾದರೂ ಇದ್ದರೆ ಹೇಳಿ.

ಕೋಚ್_ಮೇಷ್ಟ್ರು

ಮೊದಲು ಕೈ ಕೆಳಗೆ ಬೀಸುವ ಅಭ್ಯಾಸ ಬಿಡಿಸಬೇಕಪ್ಪ. ಫೌಲ್‌ಗಳಲ್ಲಿ ಬಹುಪಾಲು ಬರುವುದು ಅಲ್ಲಿಂದ. ಕೈ ಮೇಲಿನಿಂದ ಕೆಳಗೆ ಬಂದರೆ ಚೆಂಡು ತಪ್ಪಿದ ಕೂಡಲೇ ಮುಂಗೈಗೆ ಬಡಿಯುತ್ತದೆ. ಕೈ ನೇರ ಮೇಲೆ ಚಾಚಿ, ಅಂಗೈ ಶೂಟರ್ ಕಡೆಗಿಟ್ಟು, ಚೆಂಡೇ ಬಂದು ಕೈಗೆ ತಾಗುವ ಹಾಗೆ ನಿಲ್ಲಬೇಕು.

ಯಾವ ಕೈ ಎಂಬುದು ಎರಡನೆಯದು. ಬಲಗೈ ಶೂಟರ್ ಎದುರಿಗೆ ನಿಂತರೆ ಅವನ ಚೆಂಡಿಗೆ ನೇರವಾಗಿ ಸಿಗುವುದು ನಿಮ್ಮ ಎಡಗೈ. ಬಲಗೈ ಚಾಚಿದರೆ ಭುಜ ತಿರುಗುತ್ತದೆ, ಮೈ ಅವನ ಎದೆಗೆ ಬೀಳುತ್ತದೆ. ರಸೆಲ್ ಎಡಗೈ ಆಟಗಾರ. ಲೀಗ್‌ನ ಹೆಚ್ಚಿನ ಶೂಟರ್‌ಗಳು ಬಲಗೈಯವರಾದ್ದರಿಂದ ಅವರಿಗೆ ಅದು ಹುಟ್ಟಿನಿಂದ ಬಂದ ಅನುಕೂಲ. ಉಳಿದವರು ಎಡಗೈಯನ್ನು ಪಳಗಿಸಿಕೊಳ್ಳಬೇಕು.

ಜಿಗಿಯುವ ಹೊತ್ತು: ಶೂಟರ್‌ನ ಪಾದ ನೆಲ ಬಿಟ್ಟ ಮೇಲೆ ನಿಮ್ಮದು ಬಿಡಲಿ. ಚೆಂಡನ್ನೋ ತಲೆಯನ್ನೋ ನೋಡಿದರೆ ಪಂಪ್ ಫೇಕ್‌ಗೆ (ಶಾಟ್ ಎತ್ತುವಂತೆ ನಟಿಸುವುದಕ್ಕೆ) ಬೀಳುತ್ತೀರಿ, ಅವನ ಸೊಂಟ ನೋಡಿ. ಸೊಂಟ ಏರದೆ ಶಾಟ್ ಏರುವುದಿಲ್ಲ. ಎತ್ತರ ಕಡಿಮೆ ಇರುವವರು ಬೇಗ ಜಿಗಿಯಬೇಕೆಂದು ಅವಸರ ಮಾಡುತ್ತಾರೆ. ಅದಕ್ಕಿಂತ ಒಂದು ಹೆಜ್ಜೆ ಮೊದಲೇ ಸರಿಯಾದ ಜಾಗಕ್ಕೆ ಬಂದು ನಿಲ್ಲುವುದು ಲಾಭ. ಬೆನ್ ವಾಲೇಸ್ ಅವರನ್ನು ದಾಖಲೆಯಲ್ಲಿ ತೋರಿಸಿದ್ದೇ 6 ಅಡಿ 9 ಇಂಚು, ಸೆಂಟರ್‌ಗೆ ಅದು ಗಿಡ್ಡ. ಆದರೂ ವರ್ಷದ ಅತ್ಯುತ್ತಮ ಡಿಫೆಂಡರ್ ಪ್ರಶಸ್ತಿ ನಾಲ್ಕು ಸಲ ಬಂದಿದೆ: 2002, 2003, 2005, 2006.

ಅಭ್ಯಾಸಕ್ಕೆ ಮೂವರು ಸಾಕು. ಒಬ್ಬ ಬದಿಯಿಂದ ಚೆಂಡು ಹಿಡಿದು ನುಗ್ಗಬೇಕು, ಒಬ್ಬ ಅವನನ್ನು ಕಾಯಬೇಕು, ಬ್ಲಾಕ್ ಮಾಡುವವ ಪೇಂಟ್‌ನ ಆಚೆ ಬದಿಯಲ್ಲಿ ಒಂದು ಕಾಲು ಒಳಗಿಟ್ಟು ನಿಲ್ಲಬೇಕು. ನುಗ್ಗುವವನ ಭುಜ ಕಾಯುವವನ ಭುಜ ದಾಟಿದ ಕ್ಷಣವೇ ಹೊರಡಬೇಕು. ಕೊನೆಯ ಎರಡು ಹೆಜ್ಜೆ ಚಿಕ್ಕದಾಗಿರಲಿ, ಎರಡೂ ಕಾಲಿನಿಂದ ಮೇಲಕ್ಕೆ ಜಿಗಿಯಲಿ. ಒಂಟಿಕಾಲಿನ ಜಿಗಿತ ಎತ್ತರ ಕೊಟ್ಟರೂ ಮೈಯನ್ನು ಮುಂದಕ್ಕೆ ಎಸೆಯುತ್ತದೆ.

ಎಂಟೆಂಟು ಸಲದ ಮೂರು ಸುತ್ತು ಮಾಡಿಸಿ. ಮೊದಲ ಸುತ್ತಿನಲ್ಲಿ ಚೆಂಡು ಮುಟ್ಟುವ ಹಾಗಿಲ್ಲ, ಎರಡೂ ಕೈ ಮೇಲೆತ್ತಿ ನೇರ ಜಿಗಿದು ಅಲ್ಲೇ ಇಳಿಯಬೇಕು. ಎರಡನೆಯದರಲ್ಲಿ ಹತ್ತಿರದ ಒಂದೇ ಕೈಯಿಂದ ಮುಟ್ಟಬೇಕು. ಮೂರನೆಯದರಲ್ಲಿ ಮುಟ್ಟಿದ ಚೆಂಡು ಗೆರೆಯೊಳಗೆ ಉಳಿದು ಜೊತೆಯವನಿಗೆ ಸಿಕ್ಕರೆ ಮಾತ್ರ ಲೆಕ್ಕ. ಸುತ್ತಿನ ನಡುವೆ ಒಂದೂವರೆ ನಿಮಿಷ ಬಿಡುವು. ಜಿಗಿತದ ಎತ್ತರ ಇಳಿಯುತ್ತಿದೆ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ, ದಣಿದ ಕಾಲಿನಲ್ಲಿ ಇಳಿಯುವಾಗಲೇ ಮಂಡಿ ತಿರುಚುವುದು. ಎರಡೂ ಪಾದ ಒಟ್ಟಿಗೆ ನೆಲ ಮುಟ್ಟಲಿ, ಮಂಡಿಗಳು ಒಳಕ್ಕೆ ಬಾಗದಿರಲಿ.

ಪೇಂಟ್_ಕಾವಲು

ಮೇಷ್ಟ್ರು ಹೇಳಿದ ಮೂರನೆಯ ಸುತ್ತು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಚೆಂಡನ್ನು ಮೂರನೇ ಸಾಲಿನ ಕುರ್ಚಿಗೆ ಬಡಿದು ಕಳಿಸಿದರೆ ಜನ ಕೂಗುತ್ತಾರೆ, ಆದರೆ ಚೆಂಡು ಮತ್ತೆ ಎದುರಾಳಿಗೇ. ಎನ್‌ಬಿಎಯಲ್ಲಿ ಬ್ಲಾಕ್ ಆದ ಚೆಂಡು ರಿಂಗ್ ಮುಟ್ಟದೆ ಹೊರಹೋದರೆ ಶಾಟ್ ಕ್ಲಾಕ್ (ತಂಡ ಶಾಟ್ ಹೊಡೆಯಲೇಬೇಕಾದ 24 ಸೆಕೆಂಡ್‌ನ ಗಡುವು) ಉಳಿದಷ್ಟಕ್ಕೇ ಮುಂದುವರಿಯುತ್ತದೆ. 24ರಲ್ಲಿ 3 ಸೆಕೆಂಡ್ ಉಳಿದಿದ್ದರೆ ಹೊರಗೆ ಹೊಡೆದರೂ ನಷ್ಟ ಕಡಿಮೆ. 15 ಉಳಿದಿದ್ದರೆ ಆ ಬ್ಲಾಕ್‌ನಿಂದ ಹೆಚ್ಚೇನೂ ಸಿಗಲಿಲ್ಲ. ಚೆಂಡನ್ನು ಕೋರ್ಟ್ ಒಳಗೇ ಉಳಿಸಿ ಜೊತೆಯವರಿಗೆ ತಟ್ಟಿಕೊಟ್ಟು ಅಲ್ಲಿಂದಲೇ ಓಟ ಶುರುಮಾಡಿಸುವುದು ರಸೆಲ್ ಅವರ ಪದ್ಧತಿಯಾಗಿತ್ತು. ಅಂಕಿಪಟ್ಟಿಯಲ್ಲಿ ಎರಡಕ್ಕೂ ಒಂದೇ ಬೆಲೆ ಸಿಗುತ್ತದೆ ಎಂಬುದು ಬೇಸರದ ಸಂಗತಿ.

ಮುಟ್ಟದೆಯೇ ತಡೆದ ಶಾಟ್‌ಗೂ ಲೆಕ್ಕ ಇಲ್ಲ. ರೂಡಿ ಗೊಬೇರ್ ಬ್ಲಾಕ್‌ನಲ್ಲಿ ಲೀಗ್‌ಗೆ ಮೊದಲಿಗರಾದದ್ದು 2016-17ರಲ್ಲಿ ಒಂದೇ ಸಲ. ಆದರೆ ಡಿಫೆನ್ಸ್ ಪ್ರಶಸ್ತಿ ಬಂದದ್ದು 2018, 2019, 2021, 2024ರಲ್ಲಿ. ಅವರು ರಿಂಗ್ ಬಳಿ ನಿಂತಿರುವುದನ್ನು ನೋಡಿಯೇ ಗಾರ್ಡ್‌ಗಳು ಒಳಬರದೆ ದೂರದಿಂದ ತೇಲುಶಾಟ್ ಹಾಕುತ್ತಾರೆ. ಬ್ಲಾಕರ್‌ನ ನಿಜವಾದ ಗಳಿಕೆ ಎದುರಾಳಿ ರಿಂಗ್ ಹತ್ತಿರ ಎಷ್ಟು ಶಾಟ್ ಹೊಡೆದ, ಅದರಲ್ಲಿ ಎಷ್ಟು ಬಿತ್ತು ಎಂಬುದರಲ್ಲಿದೆ.

ಬಯಲುಕೋರ್ಟ್

ಮುಟೊಂಬೊ ಹೆಸರು ಯಾರೂ ಎತ್ತಲಿಲ್ಲಲ್ರೀ. 1994, 95, 96 ಸತತ ಮೂರು ವರ್ಷ ಲೀಗ್‌ಗೆ ಮೊದಲಿಗ. 1994ರ ಪ್ಲೇಆಫ್‌ನಾಗ ಎಂಟನೇ ಸ್ಥಾನದ ಡೆನ್ವರ್ ಮೊದಲನೇ ಸ್ಥಾನದ ಸಿಯಾಟಲ್‌ನ ಸೋಲಿಸಿದ ಐದು ಪಂದ್ಯದಾಗ ಅವರದ್ದ 31 ಬ್ಲಾಕ್. ಎಂಟನೇ ತಂಡ ಮೊದಲನೇದನ್ನ ಸೋಲಿಸಿದ್ದು ಅದ ಮೊದಲ ಸಲ. ಬ್ಲಾಕ್ ಮಾಡಿ ಬೆರಳ ಆಡಿಸೂದನ್ನ ಇಡೀ ಜಗತ್ತ ಕಲಿತದ್ದು ಅವರಿಂದ. 2024ರ ಸೆಪ್ಟೆಂಬರ್ 30ಕ್ಕ ತೀರಿಕೊಂಡ್ರು, 58ನೇ ವಯಸ್ಸಿನಾಗ.

ಹಳೇಮೈದಾನ

ಲೆಕ್ಕ ಬರೆಯುವವರ ಕೈಯಲ್ಲೂ ಸ್ವಲ್ಪ ಇದೆ ಅನ್ನೋ ವಾದ ಆಗಾಗ ಬರುತ್ತೆ. 2023ರ ಜನವರಿಯಲ್ಲಿ ಜಾರೆನ್ ಜಾಕ್ಸನ್ ಜೂನಿಯರ್ ಅವರ ಮೆಂಫಿಸ್ ತವರು ಪಂದ್ಯಗಳ ಬ್ಲಾಕ್ ಸಂಖ್ಯೆ ಬಗ್ಗೆ ಅಂತರ್ಜಾಲದಲ್ಲಿ ದೊಡ್ಡ ಗದ್ದಲ ಎದ್ದಿತ್ತು. ಲೀಗ್ ಆ ಎಣಿಕೆಗಳೆಲ್ಲ ನಿಯಮದ ಪ್ರಕಾರವೇ ಇವೆ ಎಂದು ಹೇಳಿತು. ಆ ಸೀಸನ್ 63 ಪಂದ್ಯಕ್ಕೆ 189 ಮಾಡಿ, ಡಿಫೆನ್ಸ್ ಪ್ರಶಸ್ತಿಯನ್ನೂ ಅವರೇ ಪಡೆದರು. ಈಗ ಪ್ರತಿ ಪಂದ್ಯಕ್ಕೂ ವಿಡಿಯೋ ಇರುವುದರಿಂದ ಅನುಮಾನ ಬಂದವರು ತಾವೇ ನೋಡಿ ತೀರ್ಮಾನಿಸಬಹುದು. 1973ರಲ್ಲಿ ಆ ಸೌಕರ್ಯ ಇರಲಿಲ್ಲ.

ಜಿಗಿತ

ಕೊನೇ ಪ್ರಶ್ನೆ. ಎನ್‌ಬಿಎ ನೋಡಿ ಕಲಿತದ್ದನ್ನು ಇಲ್ಲಿನ ಟೂರ್ನಿಗಳಲ್ಲಿ ಹಾಗೇ ಆಡಬಹುದಾ?

ಸೀಟಿ

ನಮ್ಮಲ್ಲಿ ನಡೆಯುವುದು ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ನಿಯಮ, ಮೂರು ಕಡೆ ಬೇರೆ. ಫಿಬಾದಲ್ಲಿ ಡಿಫೆನ್ಸಿವ್ ಮೂರು ಸೆಕೆಂಡ್ ಇಲ್ಲ, ಪೇಂಟ್‌ನಲ್ಲಿ ಎಷ್ಟು ಹೊತ್ತು ಬೇಕಾದರೂ ನಿಲ್ಲಿ. ಶಾಟ್ ರಿಂಗ್‌ಗೆ ತಾಗಿದ ಮೇಲೆ ಅದರ ಮೇಲೆ ಉರುಳುತ್ತಿರುವ ಚೆಂಡನ್ನು ತಟ್ಟಿ ತೆಗೆಯಬಹುದು, ರಿಂಗ್ ಅನ್ನಾಗಲಿ ಬೋರ್ಡ್ ಅನ್ನಾಗಲಿ ಮುಟ್ಟಬಾರದು ಅಷ್ಟೆ. ಎನ್‌ಬಿಎಯಲ್ಲಿ ರಿಂಗ್ ನೇರಕ್ಕಿರುವ ಆ ಜಾಗಕ್ಕೆ ಕೈ ಹಾಕಿದರೆ ಅಂಕ ಎದುರಾಳಿಗೆ. ರಿಂಗ್ ಕೆಳಗಿನ ಅರ್ಧವೃತ್ತದ (ಅದರೊಳಗೆ ನಿಂತ ಡಿಫೆಂಡರ್‌ಗೆ ಡಿಕ್ಕಿಯಾದರೆ ನುಗ್ಗಿದವನಿಗೆ ಫೌಲ್ ಕೊಡುವುದಿಲ್ಲ) ತ್ರಿಜ್ಯ ಫಿಬಾದಲ್ಲಿ 1.25 ಮೀಟರ್, ಎನ್‌ಬಿಎಯಲ್ಲಿ 4 ಅಡಿ, ಹೆಚ್ಚುಕಡಿಮೆ ಒಂದೇ. ಆದರೆ ಇಲ್ಲಿ ಐದು ಫೌಲ್‌ಗೆ ಹೊರಗೆ, ಅಲ್ಲಿ ಆರಕ್ಕೆ. ಮೊದಲ ಕ್ವಾರ್ಟರ್‌ನಲ್ಲೇ ಎರಡು ಫೌಲ್ ಆದರೆ ಉಳಿದ ಆಟದಲ್ಲಿ ಬ್ಲಾಕ್‌ಗೆ ಹೋಗದೆ ಕೈ ಮೇಲೆತ್ತಿ ನೇರ ಜಿಗಿಯುವುದಷ್ಟೇ ಸಾಕು.

ಕೋಚ್_ಮೇಷ್ಟ್ರು

ಸ್ಥಳೀಯ ಪಂದ್ಯಗಳಲ್ಲಿ ಲೆಕ್ಕ ಇಡುವವರು ಬ್ಲಾಕ್ ಒಂದನ್ನೇ ಬರೆಯಬೇಡಿ. ಪಕ್ಕದಲ್ಲಿ ಎರಡು ಅಂಕಣ ಎಳೆಯಿರಿ: ಬ್ಲಾಕ್‌ಗೆ ಹೋಗಿ ಆದ ಫೌಲ್, ಬ್ಲಾಕ್ ಆದ ಚೆಂಡು ಸಿಕ್ಕಿದ್ದು ಯಾರಿಗೆ. ನಾಲ್ಕೈದು ಪಂದ್ಯ ಆದ ಮೇಲೆ ಫೌಲ್ ಸಂಖ್ಯೆ ಬ್ಲಾಕ್‌ಗಿಂತ ಹೆಚ್ಚಿದ್ದರೆ ಹುಡುಗನನ್ನು ಮೊದಲ ಸುತ್ತಿನ ಅಭ್ಯಾಸಕ್ಕೇ ವಾಪಸ್ ಕಳಿಸಿ.